ಜಡೆದಾರ ಜಾರಿದ ಭಾನುವಾರ

ನಲವತ್ತೈದು ದಾಟಿದ ಗಂಡಸಿಗೆ ಒಂದಲ್ಲ ಒಂದು ಹುಚ್ಚು ಹಿಡಿಯಲೇಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಹಿಡಿಯದವರನ್ನು ನಾನು ಅಷ್ಟಾಗಿ ನಂಬುವುದಿಲ್ಲ. ನಮ್ಮ ಶಾಲೆಯ ಸ್ಟಾಫ್ ರೂಮನ್ನೇ ತೆಗೆದುಕೊಳ್ಳಿ. ಗಣಿತದ ಮೇಷ್ಟ್ರಿಗೆ ಹೋಮಿಯೋಪತಿ ಹುಚ್ಚು. ಅವರೆದುರು ಸೀನುವ ಹಾಗಿಲ್ಲ, ಸೀನಿದವರ ಬಾಯಿ ತೆಗೆಸಿ ನಾಲ್ಕು ಸಕ್ಕರೆ ಗುಳಿಗೆ ಸುರಿದೇ ಬಿಡುತ್ತಾರೆ. ಕನ್ನಡ ಮೇಷ್ಟ್ರಿಗೆ ಮನೆಯ ತಾರಸಿಯ ಮೇಲೆ ಡ್ರ್ಯಾಗನ್ ಫ್ರೂಟ್ ಬೆಳೆಯುವ ಹುಚ್ಚು. ಮೂರು ವರ್ಷದಿಂದ ಮುಳ್ಳು ಮಾತ್ರ ಬಹಳ ಸೊಗಸಾಗಿ ಬೆಳೆಯುತ್ತಿದೆ. ಇವರಿಬ್ಬರನ್ನೂ ನೋಡಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದವನು ನಾನು. ಮಾಲೂರಿನ ಒಂದು ಪ್ರೌಢಶಾಲೆಯಲ್ಲಿ ಇಪ್ಪತ್ತು ವರ್ಷದಿಂದ ವಿಜ್ಞಾನ ಹೇಳಿಕೊಂಡು ಬಂದ, ನಾಲ್ಕು ಜನ ನಮಸ್ಕಾರ ಮಾಡುವ ಮನುಷ್ಯ. ಹೋದ ವರ್ಷ ನನಗೂ ಹಿಡಿಯಿತು. ಕೆರೆಗೆ ಹೋಗಿ ಗಾಳ ಹಾಕುವ ಹುಚ್ಚು.

ನಮ್ಮ ಜಿಲ್ಲೆಯವನು ಗಾಳ ಹಿಡಿದುಕೊಂಡು ಹೊರಟರೆ ನನ್ನ ಓರಗೆಯವರಿಗೆ ಈಗಲೂ ನಗು ಬರುತ್ತದೆ. ನಾನು ಬೆಳೆದದ್ದು ಟೇಕಲ್‌ನಲ್ಲಿ. ಆಗ ಕೆರೆ ಎಂದರೆ ನಮಗೆ ಕ್ರಿಕೆಟ್ ಆಡುವ ಜಾಗ. ತೂಬಿನ ಕಲ್ಲುಗಳೇ ವಿಕೆಟ್ಟು, ಏರಿ ದಾಟಿದರೆ ಸಿಕ್ಸರ್. ಕೆರೆಯಲ್ಲಿ ನೀರಿರುತ್ತದೆ, ನೀರಿನಲ್ಲಿ ಮೀನಿರುತ್ತದೆ ಎಂಬುದೆಲ್ಲ ಪಠ್ಯಪುಸ್ತಕದವರ ಕಲ್ಪನೆ ಎಂದುಕೊಂಡೇ ದೊಡ್ಡವನಾದೆ. ಈಗ ಕಾಲ ಬದಲಾಗಿ ಕೆರೆಗಳಲ್ಲಿ ನೀರು ನಿಂತಿದೆ, ಕಾಟ್ಲಾ, ರೋಹು, ಜಿಲೇಬಿ ಮೀನುಗಳು ಓಡಾಡುತ್ತಿವೆ. ನಾನೂ ಅಕ್ಕಪಕ್ಕದವರ ಹಾಗೆ ಒಂದು ಬಿದಿರಿನ ಕೋಲು, ಒಂದು ನೈಲಾನ್ ದಾರ, ಒಂದು ಎರೆಹುಳು ಎಂದು ಮರ್ಯಾದೆಯಾಗಿ ಕೂತಿದ್ದರೆ ಈ ಪ್ರಬಂಧ ಬರೆಯುವ ಗತಿ ಬರುತ್ತಿರಲಿಲ್ಲ. ಆದರೆ ವಿಜ್ಞಾನದ ಮೇಷ್ಟ್ರು ವೈಜ್ಞಾನಿಕವಾಗಿಯೇ ಮೀನು ಹಿಡಿಯಬೇಕಲ್ಲ! ಹಾಗಾಗಿ ಮೊಬೈಲಿನಲ್ಲಿ ವಿಡಿಯೋ ನೋಡಲು ಕುಳಿತೆ.

ಆ ವಿಡಿಯೋಗಳಲ್ಲಿ ಬರುವ ಮಹಾನುಭಾವರು ಎಲ್ಲರೂ ಒಂದೇ ಥರ ಇರುತ್ತಾರೆ. ಟೋಪಿ, ಕಪ್ಪು ಕನ್ನಡಕ, ಮೈತುಂಬ ಜೇಬು. ಮೀನು ಹಿಡಿಯುತ್ತಾರೆ, ತಬ್ಬಿಕೊಳ್ಳುತ್ತಾರೆ, ಮುತ್ತಿಡುತ್ತಾರೆ, ಮತ್ತೆ ನೀರಿಗೇ ಬಿಡುತ್ತಾರೆ. ಸಾರು ಮಾಡದ ಮೀನಿಗೆ ಇಷ್ಟೊಂದು ಕಷ್ಟಪಡುವವರ ಮಾತನ್ನು ನಂಬಬಾರದಿತ್ತು. ನಂಬಿದೆ. ಅವರು ಹೇಳಿದ್ದಕ್ಕೇ ಸ್ಪಿನ್ನಿಂಗ್ ರೀಲು ತರಿಸಿದೆ. ಇದು ಕೋಲಿನ ಹೊಟ್ಟೆಯ ಕೆಳಗೆ ನೇತಾಡುವ ಒಂದು ಯಂತ್ರ. ಹಿಡಿ ತಿರುಗಿಸಿದರೆ ಒಂದು ಕಂಬಿ ಗಿರಗಿರನೆ ಸುತ್ತಿ ದಾರವನ್ನು ನುಣುಪಾದ ಲೋಹದ ಉರುಳೆಯ ಮೇಲೆ ಸುತ್ತುತ್ತದೆ. ಆ ಉರುಳೆಗೆ ಸ್ಪೂಲು ಎಂದು ಹೆಸರು. ಸ್ಪೂಲಿಗೆ ಸುತ್ತುವುದಕ್ಕೆ ನೈಲಾನ್ ದಾರ ಹಳೆಯ ಕಾಲದವರಿಗಂತೆ. ಈಗಿನವರಿಗೆ ಬ್ರೇಡ್. ಎಂಟು ಸಣ್ಣ ಎಳೆಗಳನ್ನು ಹೆಣ್ಣುಮಕ್ಕಳ ಜಡೆಯ ಹಾಗೆ ಹೆಣೆದು ಮಾಡಿದ ದಾರ. ಹೊಲಿಗೆ ದಾರದಷ್ಟು ತೆಳ್ಳಗಿದ್ದರೂ ಎಮ್ಮೆ ಕಟ್ಟಿದರೂ ಹರಿಯುವುದಿಲ್ಲವಂತೆ. ಕನ್ನಡ ಮೇಷ್ಟ್ರು ಅದನ್ನು ಬೆರಳಲ್ಲಿ ಮುಟ್ಟಿ ನೋಡಿ ‘ಜಡೆದಾರ’ ಎಂದು ನಾಮಕರಣ ಮಾಡಿದರು. ಹಣ್ಣು ಕೊಡಲಾಗದಿದ್ದರೂ ಹೆಸರನ್ನಾದರೂ ಕೊಟ್ಟರು, ದೊಡ್ಡ ಮನಸ್ಸು.

ಪಾರ್ಸೆಲ್ ಬಂದ ದಿನವೇ ಹಾಲಿನಲ್ಲಿ ಚಾಪೆ ಹಾಸಿಕೊಂಡು ಸುತ್ತಲು ಕೂತೆ. ಹೇಗೆ ಸುತ್ತಬೇಕೆಂದು ಹೇಳುವ ಒಂದು ವಿಡಿಯೋ ಇತ್ತು. ಮೊದಲ ಮೂರು ನಿಮಿಷ ಆತ ಏನೇನೋ ಮಾತಾಡುತ್ತಿದ್ದ. ಪೀಠಿಕೆ ಎಂದುಕೊಂಡು ಬೆರಳಲ್ಲಿ ಮುಂದೆ ತಳ್ಳಿದೆ. ವಿದ್ಯಾರ್ಥಿಗಳು ಪಾಠದ ಪೀಠಿಕೆ ಬಿಟ್ಟರೆ ಬೆಂಚಿನ ಮೇಲೆ ನಿಲ್ಲಿಸುವವನು ನಾನೇ ಎಂಬುದು ಆಗ ನೆನಪಾಗಲಿಲ್ಲ. ಸ್ಪೂಲಿಗೆ ನೇರವಾಗಿ ದಾರದ ತುದಿ ಕಟ್ಟಿ ಟಿ.ವಿ. ನೋಡುತ್ತ ಹಿಡಿ ತಿರುಗಿಸತೊಡಗಿದೆ. ನನ್ನ ಹೆಂಡತಿ ಶಾರದ ಸೊಪ್ಪು ಬಿಡಿಸುತ್ತ ಕೂತಿದ್ದವಳು ಸ್ವಲ್ಪ ಹೊತ್ತು ನೋಡಿದಳು.

“ಏನ್ರೀ, ಹಂಗಾ ದಾರ ಸುತ್ತೋದು? ಒಂಚೂರೂ ಬಿಗಿ ಇಲ್ಲ. ಸುಮ್ನೆ ನಮ್ಮಪ್ಪಂಗೆ ಒಂದ್ಸಲ ತೋರಿಸ್ರೀ.”

ಇಲ್ಲಿ ನಮ್ಮ ಮಾವನವರ ವಿಷಯ ಹೇಳಬೇಕು. ಹೋಳೂರಿನ ಹತ್ತಿರದ ಹಳ್ಳಿಯವರು, ಹೆಸರು ವೆಂಕಟರಾಯಪ್ಪ. ಮೂವತ್ತೈದು ವರ್ಷ ಮನೆಯ ಹಿಂದಿನ ಚಪ್ಪರದಲ್ಲಿ ರೇಷ್ಮೆ ನೂಲು ತೆಗೆದವರು. ಬಿಸಿನೀರಿನಲ್ಲಿ ಗೂಡು ಬೇಯಿಸಿ, ಕಣ್ಣಿಗೆ ಕಾಣದ ಎಳೆಯ ತುದಿ ಹುಡುಕಿ, ನಾಲ್ಕಾರು ಸೇರಿಸಿ ಚರಕಕ್ಕೆ ಹಾಕಿದರೆ ಸಂಜೆಯವರೆಗೂ ಎಳೆ ಹರಿಯುತ್ತಿರಲಿಲ್ಲವಂತೆ. ಶಾರದ ಬಾಲ್ಯದಲ್ಲಿ ಗೊಂಬೆ ಹಿಡಿದಿದ್ದಕ್ಕಿಂತ ದಾರ ಹಿಡಿದಿದ್ದೇ ಹೆಚ್ಚು. ಕಣ್ಣು ಮಂಜಾದ ಮೇಲೆ ಮಾವನವರು ಆ ಕೆಲಸ ಬಿಟ್ಟರು. ಚರಕ ಅಟ್ಟ ಸೇರಿತು. ಈಗ ಹೊತ್ತು ಹೋಗದೆ ಪಂಚೆಯ ಅಂಚಿನ ಎಳೆಗಳನ್ನೇ ಎಳೆದು ಬೆರಳಿಗೆ ಸುತ್ತುತ್ತ ಜಗಲಿಯಲ್ಲಿ ಕೂತಿರುತ್ತಾರೆ. ಅವರೂ ನನ್ನನ್ನು ಎಲ್ಲರ ಹಾಗೆ ‘ಮೇಷ್ಟ್ರೇ’ ಎಂದೇ ಕರೆಯುವುದು. ಅದರಲ್ಲಿ ಗೌರವ ಎಷ್ಟು, ಉಳಿದದ್ದು ಎಷ್ಟು ಎಂದು ಮದುವೆಯಾದ ದಿನದಿಂದಲೂ ಲೆಕ್ಕ ಸಿಕ್ಕಿಲ್ಲ.

“ನಿಮ್ಮಪ್ಪ ತೆಗೀತಿದ್ದಿದ್ದು ರೇಷ್ಮೆ ಕಣೇ. ಇದರ ಟೆಕ್ನಾಲಜಿನೇ ಬೇರೆ,” ಎಂದೆ.

“ದಾರ ದಾರಾನೇ ರೀ,” ಎಂದು ಶಾರದ ಸೊಪ್ಪಿನ ತಟ್ಟೆ ಎತ್ತಿಕೊಂಡು ಒಳಗೆ ಹೋದಳು. ಅವಳ ಬೆನ್ನಿಗೆ ನಾನು ಐದು ನಿಮಿಷ ವಸ್ತುಗಳ ಕರ್ಷಣ ಸಾಮರ್ಥ್ಯದ ಬಗ್ಗೆ ಪಾಠ ಮಾಡಿದೆ. ಕುಕ್ಕರ್ ಎರಡು ಸಲ ಕೂಗಿ ಉತ್ತರ ಕೊಟ್ಟಿತು.

ಅಭ್ಯಾಸಕ್ಕೆಂದು ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ಮೈದಾನಕ್ಕೆ ಹೋದೆ. ದಾರದ ತುದಿಗೆ ಒಂದು ನಟ್ಟು ಕಟ್ಟಿ, ವಿಡಿಯೋದವನ ಹಾಗೆಯೇ ಕಾಲು ಅಗಲಿಸಿ ನಿಂತು ಬೀಸಿದೆ. ನಟ್ಟು ಮೂರು ಮಾರು ದೂರ ಹೋಗಿ ಯಾರೋ ಹಿಂದೆ ಕರೆದ ಹಾಗೆ ಗಕ್ಕನೆ ನಿಂತಿತು. ರೀಲು ನೋಡಿದರೆ ಅಲ್ಲಿ ಒಂದು ಹಕ್ಕಿಗೂಡು. ಸಡಿಲವಾಗಿ ಸುತ್ತಿದ ಜಡೆದಾರ ಒಂದೇ ಸಲಕ್ಕೆ ಹತ್ತು ಸುತ್ತು ಕಳಚಿಕೊಂಡು ಗಂಟಾಗುತ್ತದೆ. ಆ ಗಂಟನ್ನು ಬಿಡಿಸಲು ಹೋದರೆ ಒಳಗಿಂದ ಇನ್ನೊಂದು ಗಂಟು ಬಂದು ನಮಸ್ಕಾರ ಹೇಳುತ್ತದೆ. ಕತ್ತರಿಸೋಣವೆಂದರೆ ಸ್ಟಾಫ್ ರೂಮಿನ ಕತ್ತರಿ ಅದನ್ನು ಕಚ್ಚುವುದೇ ಇಲ್ಲ, ಎರಡು ಅಲಗುಗಳ ನಡುವೆ ದಾರ ಆರಾಮಾಗಿ ಮಲಗುತ್ತದೆ. ಕೊನೆಗೆ ಗಣಿತದ ಮೇಷ್ಟ್ರ ನೇಲ್ ಕಟರಿನಿಂದ ಕತ್ತರಿಸಿದೆ. ಅವರು ಕಟರಿನ ಜೊತೆಗೆ ಮನಸ್ಸಿನ ಉದ್ವೇಗಕ್ಕೆಂದು ಆರು ಗುಳಿಗೆಯನ್ನೂ ಕೊಟ್ಟರು. ಬೇಸರದಲ್ಲಿ ತಿಂದೆ. ಉಳಿದ ದಾರವನ್ನು ಮತ್ತೆ ಹಾಗೆಯೇ ಸುತ್ತಿಕೊಂಡು, ಗಾಳಿಯನ್ನು ಬೈದು, ಮನೆಗೆ ಬಂದೆ.

ಇಷ್ಟರಲ್ಲೇ ನಿಂತಿದ್ದರೆ ಹುಚ್ಚು ನನ್ನ ಮಟ್ಟಿಗೆ ಇರುತ್ತಿತ್ತು. ಆದರೆ ಬಾಮೈದನ ಮದುವೆಯಾಯಿತು. ಹುಡುಗಿ ಮಾಸ್ತಿಯ ಕಡೆಯವಳು. ಮದುವೆಯಾದ ಮೇಲೆ ಬೀಗರೂಟ ಆಗಬೇಕಲ್ಲ. ನಮ್ಮ ಕಡೆ ಮದುವೆಯ ಊಟವನ್ನು ಜನ ಒಂದು ವಾರದಲ್ಲಿ ಮರೆಯುತ್ತಾರೆ, ಬೀಗರೂಟವನ್ನು ಮೊಮ್ಮಕ್ಕಳಿಗೂ ಹೇಳುತ್ತಾರೆ. ಮಾವನವರ ಮನೆಯಲ್ಲಿ ಇಂಥ ಊಟಗಳಿಗೆಲ್ಲ ಮಟನ್ ತರುವ ಹಕ್ಕು ನನ್ನ ಷಡ್ಡಕ ಮಂಜುನಾಥನದು. ಅವನು ಶಾರದಳ ತಂಗಿಯ ಗಂಡ, ಮುಳಬಾಗಿಲಿನಲ್ಲಿ ಟೊಮೆಟೊ ಮಂಡಿ ಇಟ್ಟಿದ್ದಾನೆ. ಅವನು ಗಾಡಿಯಿಂದ ಇಳಿದರೆ ಮನೆಯವರೆಲ್ಲ ಬಾಗಿಲಿಗೆ ಬರುತ್ತಾರೆ. ನಾನು ಹತ್ತು ಹದಿನೈದು ವರ್ಷದಿಂದ ಎರಡು ಚಿಪ್ಪು ಬಾಳೆಹಣ್ಣು ಹಿಡಿದುಕೊಂಡು ಹೋಗುತ್ತಿದ್ದೇನೆ. ಬಾಳೆಹಣ್ಣಿಗೆ ಯಾರೂ ಬಾಗಿಲಿಗೆ ಬರುವುದಿಲ್ಲ. ನನಗೆ ಹೊಟ್ಟೆಕಿಚ್ಚಿತ್ತು, ಮುಚ್ಚಿಡುವುದೇಕೆ? ಮನೆಯವರ ವಾಟ್ಸಾಪ್ ಗುಂಪಿನಲ್ಲಿ ಊಟದ ಚರ್ಚೆ ನಡೆಯುವಾಗ ಯಾವುದೋ ಘಳಿಗೆಯಲ್ಲಿ ಬೆರಳು ತಾನಾಗಿಯೇ ಓಡಿತು: ‘ಈ ಸಲ ಮಟನ್ ಬೇಡ. ಊರ ಕೆರೆಯಲ್ಲಿ ನಾನೇ ಮೀನು ಹಿಡಿದು ಕೊಡುತ್ತೇನೆ.’

ಹತ್ತು ನಿಮಿಷದಲ್ಲಿ ಮಂಜುನಾಥ ಹೆಬ್ಬೆರಳೆತ್ತಿದ ಚಿತ್ರ ಹಾಕಿದ. ಹಿಂದೆಯೇ ಫೋನ್ ಮಾಡಿದ.

“ಅಣ್ಣಾ, ಸಂತೋಷ. ಆದ್ರೆ ಅಂಗಡೀಲಿ ಕೊಂಡ್ಕೊಂಡು ಬಂದು ಹಿಡ್ದೆ ಅನ್ಬೇಡ ಮತ್ತೆ. ಐಸಲ್ಲಿಟ್ಟ ಮೀನು ಕಿವಿರು ನೋಡಿದ್ರೆ ಗೊತ್ತಾಗೋಯ್ತದೆ.”

ನನ್ನ ಎರಡನೇ ಯೋಜನೆ ಅದೇ ಆಗಿತ್ತು. ಅದು ಅಲ್ಲಿಗೆ ಸತ್ತಿತು. ಅತ್ತೆಯವರು ಮೀನಿನ ಪುಳುಸಿಗೆ, ಅಂದರೆ ಹುಳಿಸಾರಿಗೆ, ಹುಣಸೆಹಣ್ಣು ತೆಗೆದಿಟ್ಟರು. ಮಾವನವರು ಮಾಸ್ತಿಗೆ ಫೋನ್ ಮಾಡಿ “ನಮ್ಮ ದೊಡ್ಡಳಿಯಂದ್ರೇ ಮೀನು ಹಿಡಿದು ಹಾಕ್ತಾರಂತೆ” ಎಂದು ಹೊಸ ಬೀಗರಿಗೆ ಹೇಳಿಯೂ ಬಿಟ್ಟರು. ಕೆರೆಯ ಮೀನು ಗುತ್ತಿಗೆ ಹಿಡಿದವರ ಹತ್ತಿರ ಹೋಗಿ ಒಪ್ಪಿಗೆ ಕೇಳಿದಾಗ ಅವರು ನನ್ನ ರೀಲನ್ನು ತಿರುಗಿಸಿ ಮುರುಗಿಸಿ ನೋಡಿ, “ಹಾಕ್ಕೊಳ್ಳಿ ಸಾರ್, ಇದರಲ್ಲಿ ನಮಗೇನೂ ನಷ್ಟ ಕಾಣಲ್ಲ” ಎಂದರು. ಆ ವಾರ ಅವರು ಬಲೆ ಬಿಡುವುದೂ ಇಲ್ಲವೆಂದರು. ಅಂದರೆ ಇಪ್ಪತ್ತು ಜನ ಬೀಗರು, ಒಂದು ಹಂಡೆ ಅನ್ನ, ಕುದಿಯುವ ಹುಳಿ, ಇವುಗಳ ಮತ್ತು ನನ್ನ ಮಾನದ ನಡುವೆ ಉಳಿದದ್ದು ಆ ಒಂದು ಜಡೆದಾರ.

ಭಾನುವಾರ ಬೆಳಕು ಹರಿಯುತ್ತಲೇ ಮಾವನವರ ಊರಿನ ಕೆರೆ ಏರಿಯ ಕೆಳಗೆ ಕೂತೆ. ರಾಗಿ ಹಿಟ್ಟಿಗೆ ಕಡಲೆಕಾಯಿ ಹಿಂಡಿ ಸೇರಿಸಿ ಕಲಸಿದ ಉಂಡೆಯನ್ನು ಗಾಳಕ್ಕೆ ಮೆತ್ತಿ, ದೇವರನ್ನು ನೆನೆದು ಬೀಸಿದೆ. ವಿಚಿತ್ರವೆಂದರೆ ಅವತ್ತು ಗಂಟಾಗಲಿಲ್ಲ. ಉಂಡೆ ಹೋಗಿ ದೂರದಲ್ಲಿ ಬಿತ್ತು. ಎಂಟು ಗಂಟೆಯ ಹೊತ್ತಿಗೆ ಕೋಲು ಬಾಗಿತು. ಬಾಗಿತು ಎಂದರೆ ತುದಿ ನೀರು ಮುಟ್ಟುವಷ್ಟು ಬಾಗಿತು. ನಾನು ಎದ್ದು ನಿಂತು ಕೋಲನ್ನು ಹೊಟ್ಟೆಗೆ ಒತ್ತಿಕೊಂಡು ಹಿಡಿ ತಿರುಗಿಸಿದೆ. ಹಿಡಿ ತಿರುಗಿತು. ಕಂಬಿ ತಿರುಗಿತು. ದಾರ ಮಾತ್ರ ಬರಲಿಲ್ಲ. ಇನ್ನೂ ಜೋರಾಗಿ ತಿರುಗಿಸಿದೆ, ಹಿಟ್ಟಿನ ಗಿರಣಿಯವನ ಹಾಗೆ ತಿರುಗಿಸಿದೆ. ನಾನು ಈ ಕಡೆ ತಿರುಗಿಸಿದಷ್ಟೂ ಮೀನು ಆ ಕಡೆ ಹೋಗುತ್ತಿದೆ! ರೀಲು ಕೆಟ್ಟಿತೆಂದು ಕಂಪನಿಯವರ ವಂಶವನ್ನೆಲ್ಲ ಬೈದೆ. ಕೊನೆಗೆ ಗಾಬರಿಯಲ್ಲಿ ದಾರವನ್ನು ಕೈಯಲ್ಲೇ ಹಿಡಿದೆ. ಎಮ್ಮೆ ಕಟ್ಟಿದರೂ ಹರಿಯದ ದಾರ ಬೆರಳನ್ನು ಹರಿಯದೆ ಬಿಡುತ್ತದೆಯೇ? ರಕ್ತ ಬಂತು, ಕೈಬಿಟ್ಟೆ, ದಾರ ಸಡಿಲವಾಯಿತು, ಮೀನು ಗಾಳ ಉಗಿದು ಹೊರಟುಹೋಯಿತು.

ಹಿಂದಿನಿಂದ ಕೆಮ್ಮಿದ ಸದ್ದಾಯಿತು. ಮಾವನವರು ಏರಿಯ ಮೇಲೆ ನಿಂತಿದ್ದರು, ಕೈಯಲ್ಲಿ ನನಗೆಂದು ತಂದ ಚಿತ್ರಾನ್ನದ ಡಬ್ಬಿ. ಪಕ್ಕದಲ್ಲಿ ಕಾಫಿ ಫ್ಲಾಸ್ಕು ಹಿಡಿದ ಶಾರದ. ಪೂರ್ತಿ ನೋಡಿದ್ದಾರೆ ಎಂದು ಇಬ್ಬರ ಮುಖವೂ ಹೇಳುತ್ತಿತ್ತು.

“ಏಂ ಮೇಷ್ಟ್ರೇ, ಮಿಷನ್ನು ಕೊಡಿ ಇಲ್ಲಿ,” ಎಂದರು ಮಾವನವರು. ಸ್ಪೂಲನ್ನು ಕಣ್ಣಿಗೆ ಹತ್ತಿರ ಹಿಡಿದು, ಬೆರಳಿನಿಂದ ದಾರದ ಉಂಡೆಯನ್ನು ಒಂದು ಪಕ್ಕಕ್ಕೆ ತಳ್ಳಿದರು. ಇಡೀ ಉಂಡೆ ಸ್ಪೂಲಿನ ಮೇಲೆ ಬಳೆಯ ಹಾಗೆ ಸಲೀಸಾಗಿ ತಿರುಗಿತು. “ನೋಡಿ, ನುಣ್ಣಗಿರೋ ಕಬ್ಬಿಣದ ಮೇಲೆ ನುಣ್ಣಗಿರೋ ದಾರ. ಅಡೀಲಿ ಹಿಡಿತ ಏನಿದೆ ಇದಕ್ಕೆ? ಮಿಷನ್ನು ಸರಿಯಾಗೇ ಇದೆ. ದಾರ ಅಂಗೇ ಜಾರ್ತಾ ಇದೆ ಅಷ್ಟೇ.”

ಘರ್ಷಣೆ! ಎಂಟನೇ ತರಗತಿಗೆ ಪ್ರತಿ ವರ್ಷ ತಪ್ಪದೆ ಮಾಡುವ ಪಾಠ. ಘರ್ಷಣೆ ಇಲ್ಲದಿದ್ದರೆ ನಾವು ನಡೆಯಲಾರೆವು, ಬರೆಯಲಾರೆವು, ಗಂಟು ಹಾಕಲಾರೆವು ಎಂದು ಬೋರ್ಡಿನ ಮೇಲೆ ಬರೆದು ಅಡಿಗೆರೆ ಎಳೆಯುತ್ತೇನೆ. ಏಳನೇ ತರಗತಿಯನ್ನೂ ಮುಗಿಸದ ಮಾವನವರು ಕೆರೆ ಏರಿಯ ಮೇಲೆ ನನಗೆ ಅದೇ ಪಾಠ ಮಾಡಿದರು. ಅವತ್ತು ರಾತ್ರಿ ಮನೆಗೆ ಹೋಗಿ ಆ ವಿಡಿಯೋದ ಮೊದಲ ಮೂರು ನಿಮಿಷ ನೋಡಿದೆ. ಸ್ಪೂಲಿಗೆ ಮೊದಲು ಪಟ್ಟಿ ಸುತ್ತಿ, ಇಲ್ಲವೇ ನಾಲ್ಕು ಸುತ್ತು ನೈಲಾನ್ ಹಾಕಿ, ಇಲ್ಲದಿದ್ದರೆ ಬ್ರೇಡ್ ಜಾರುತ್ತದೆ ಎಂದು ಆ ಟೋಪಿಯವನು ಅಂಗಲಾಚಿ ಹೇಳುತ್ತಿದ್ದ.

ಇತ್ತ ಏರಿಯ ಮೇಲೆ ಮಾವನವರು ಹೆಗಲ ಟವೆಲ್ಲಿನ ಅಂಚನ್ನು ಹಲ್ಲಿನಲ್ಲಿ ಕಚ್ಚಿ ಬೆರಳಗಲದ ಪಟ್ಟಿ ಹರಿದರು. ದಾರವನ್ನೆಲ್ಲ ಬಿಚ್ಚಿಸಿ ಏರಿಯ ಉದ್ದಕ್ಕೂ ಎಳೆಸಿದರು. ಪಟ್ಟಿಯನ್ನು ಸ್ಪೂಲಿಗೆ ಬಿಗಿಯಾಗಿ ಸುತ್ತಿ ಅದರ ಮೇಲೆ ದಾರದ ತುದಿ ಕಟ್ಟಿದರು. “ಪಟ್ಟುಕೋ ಅಮ್ಮಾಯ್, ಗಟ್ಟಿಯಾಗಿ ಹಿಡ್ಕೋ,” ಎಂದು ಉಳಿದ ಟವೆಲ್ಲನ್ನು ನೀರಿನಲ್ಲಿ ಅದ್ದಿ ಮಗಳ ಕೈಗೆ ಕೊಟ್ಟರು. ಶಾರದ ಆ ಒದ್ದೆ ಬಟ್ಟೆಯಲ್ಲಿ ದಾರವನ್ನು ಎರಡು ಬೆರಳ ನಡುವೆ ಅದುಮಿ ಹಿಡಿದಳು, ಅವರು ನಿಧಾನವಾಗಿ ಹಿಡಿ ತಿರುಗಿಸಿದರು. ಎಳೆಯ ಪಕ್ಕ ಎಳೆ ಬಂದು ಕೂರತೊಡಗಿತು. ಅಪ್ಪ ಕೈ ನಿಲ್ಲಿಸುವ ಮೊದಲೇ ಮಗಳ ಬೆರಳು ಸಡಿಲವಾಗುತ್ತಿತ್ತು, ಅವರು ಶುರುಮಾಡುವ ಮೊದಲೇ ಬಿಗಿಯಾಗುತ್ತಿತ್ತು. ಒಬ್ಬರ ಮುಖ ಒಬ್ಬರು ನೋಡುತ್ತಲೂ ಇರಲಿಲ್ಲ. ಮಂಜಾದ ಕಣ್ಣಿನ ಮನುಷ್ಯ ದಾರವನ್ನು ಬೆರಳಿನಲ್ಲೇ ನೋಡುತ್ತಿದ್ದರು. ಅವರ ಮುಖದಲ್ಲಿ ಅಷ್ಟು ಗೆಲುವನ್ನು ನಾನು ಮಗನ ಮದುವೆಯ ದಿನವೂ ಕಂಡಿರಲಿಲ್ಲ. ನನಗೆ ಬಹಳ ಸಂತೋಷವಾಯಿತು, ಕಣ್ಣೂ ಸ್ವಲ್ಪ ಒದ್ದೆಯಾಯಿತು. ಆ ದಾರ ತರಿಸಿದ್ದಕ್ಕೆ ಮೊದಲ ಸಲ ಹೆಮ್ಮೆ ಅನ್ನಿಸಿತು. ನನ್ನ ಪಾಲಿಗೆ ಬಂದಿದ್ದ ಕೆಲಸ ದಾರದ ಇನ್ನೊಂದು ತುದಿ ಹಿಡಿದುಕೊಂಡು ಹೊಂಗೆ ಮರದ ಹತ್ತಿರ ನಿಲ್ಲುವುದು. ಗೂಟಕ್ಕೆ ಕಟ್ಟಿದ್ದರೂ ಆಗುತ್ತಿತ್ತು, ಆದರೆ ಅಳಿಯನಿಗೂ ಒಂದು ಸ್ಥಾನ ಬೇಕಲ್ಲ.

ನನ್ನ ಬೆರಳು ಕೊಯ್ದುಹೋಗಿದ್ದರಿಂದ ಮಾವನವರೇ ಬೀಸಿದರು. ಬೀಸಿದ್ದೂ ಅಲ್ಲ, ಸುಮ್ಮನೆ ಎಸೆದರು. ಹತ್ತೂವರೆಯ ಹೊತ್ತಿಗೆ ಕೋಲು ಮತ್ತೆ ಬಾಗಿತು. ಅವರು ಗಡಿಬಿಡಿ ಮಾಡಲಿಲ್ಲ. ಮೀನು ಎಳೆದಾಗ ಬಿಟ್ಟರು, ನಿಂತಾಗ ಸುತ್ತಿದರು. ನಾನು “ಮಾವ, ಎಳೀರಿ! ಮಾವ, ಬಿಡಿ!” ಎಂದು ಎರಡನ್ನೂ ಒಟ್ಟಿಗೇ ಕಿರುಚುತ್ತಿದ್ದೆ. “ಎಳೆ ಹರಿಯೋವಷ್ಟು ಅವಸರ ಎಂದಿಗೂ ಮಾಡಬಾರದು ಮೇಷ್ಟ್ರೇ,” ಎಂದರು ತಿರುಗಿಯೂ ನೋಡದೆ. ಕಾಲು ಗಂಟೆಯಲ್ಲಿ ಆರೇಳು ಕಿಲೋ ತೂಗುವ ಕಾಟ್ಲಾ ದಡಕ್ಕೆ ಬಂತು. ಅದರ ಮೇಲೆ ಬಿದ್ದು ಅಪ್ಪಿಕೊಂಡವನು ನಾನು. ಆ ಹೊತ್ತಿಗೆ ಸರಿಯಾಗಿ ಶಾರದ ಫೋಟೊ ತೆಗೆದಳು. ಹನ್ನೊಂದೂವರೆಯೊಳಗೆ ಇನ್ನೊಂದು ಅಷ್ಟೇ ದೊಡ್ಡದು ಸಿಕ್ಕಿತು. ಅತ್ತೆಯವರ ಹುಳಿ ಕುದಿಯುವಷ್ಟರಲ್ಲಿ ಮನೆ ಸೇರಿದೆವು.

ಮಾಸ್ತಿಯ ಬೀಗರು ಬಂದರು, ಕೂತರು, ಮುದ್ದೆ ಮುರಿದರು. ಮಂಜುನಾಥ ಮೊದಲೇ ಕಿವಿರು ಎತ್ತಿ ನೋಡಿಕೊಂಡು ಬಂದು ಎಲೆಯ ಮುಂದೆ ಕೂತಿದ್ದ. ಮೂರು ಸಲ ಪುಳುಸು ಬಡಿಸಿಕೊಂಡ ಮೇಲೆ ಹೊಸ ಬೀಗರು, ಮದುಮಗಳ ತಂದೆ, ತಲೆ ಎತ್ತಿ ಕೇಳಿದರು: “ಇಂಥ ಮೀನು ಹಿಡಿದ ಪುಣ್ಯಾತ್ಮರು ಯಾರಪ್ಪ?”

ನಾನು ಬಾಯಿ ತೆರೆದೆ. ನಿಜ ಹೇಳಬೇಕೆಂದೇ ತೆರೆದೆ, ನಂಬುವವರು ನಂಬಿ. ಅಷ್ಟರಲ್ಲಿ ಮಾವನವರು ಎಲೆಯ ಮೇಲಿಂದ ಕಣ್ಣೆತ್ತದೆ ಹೇಳಿಬಿಟ್ಟರು: “ಇನ್ಯಾರು, ನಮ್ಮ ಮೇಷ್ಟ್ರು. ಬೆರಳು ಕೊಯ್ಕೊಂಡವ್ರೆ ನೋಡಿ ಪಾಪ.”

ಇಪ್ಪತ್ತು ಜನ ನನ್ನ ಬೆರಳಿನ ಬ್ಯಾಂಡೇಜನ್ನು ಗೌರವದಿಂದ ನೋಡಿದರು. ಅಳಿಯನ ಮಾನ ಉಳಿಸಲು ಒಬ್ಬ ಹಿರಿಯ ಮನುಷ್ಯ ತನ್ನ ಗೆಲುವನ್ನೇ ಬಿಟ್ಟುಕೊಟ್ಟಾಗ ಸಭ್ಯನಾದವನು ಏನು ಮಾಡಬೇಕು? ತಲೆ ತಗ್ಗಿಸಿ ಊಟ ಮಾಡಬೇಕು. ನಾನು ಮೇಷ್ಟ್ರು. ವಿವರಿಸಲು ಶುರುಮಾಡಿದೆ. “ನೋಡಿ, ಬ್ರೇಡನ್ನ ನೇರವಾಗಿ ಸ್ಪೂಲಿಗೆ ಕಟ್ಟಬಾರದು. ಎಲ್ಲರೂ ಮಾಡೋ ತಪ್ಪು ಅದೇ. ಮೊದಲು ಅಡೀಲಿ ಬಟ್ಟೆ ಪಟ್ಟಿ. ಆಮೇಲೆ ಒದ್ದೆ ಬಟ್ಟೇಲಿ ಹಿಡಿದು ಬಿಗಿಯಾಗಿ ಸುತ್ತಬೇಕು. ಎಲ್ಲಾ ಘರ್ಷಣೆ ಸ್ವಾಮಿ, ಘರ್ಷಣೆ!” ಮಾವನವರು ಹೊಸದಾಗಿ ಕೇಳುವವರ ಹಾಗೆ ತಲೆದೂಗಿದರು. ಅನ್ನ ಬಡಿಸುತ್ತಿದ್ದ ಶಾರದ ಸೆರಗನ್ನು ಬಾಯಿಗೆ ಅಡ್ಡ ಹಿಡಿದುಕೊಂಡು ಅಡುಗೆಮನೆಗೆ ಓಡಿದಳು.

ಬೀಗರು ಪೂರ್ತಿ ಕೇಳಿ ಕೈ ತೊಳೆದು ಬಂದು ನನ್ನ ಭುಜ ಹಿಡಿದುಕೊಂಡರು. “ಸರಿ ಹಂಗಾದ್ರೆ. ಬರೋ ಭಾನುವಾರ ನಮ್ಮನೇಲಿ ಊಟ. ನಮ್ಮ ಕಡೆ ನೆಂಟರೆಲ್ಲ ಸೇರಿ ನಲವತ್ತು ಜನ ಆಗ್ತಾರೆ. ಊರ ಕೆರೆ ಗುತ್ತಿಗೆ ನನ್ನ ತಮ್ಮಂದೇ. ಮಟನ್ ಬೇಡ ಅಂತ ಈಗ್ಲೇ ಹೇಳಿಬಿಡ್ತೀನಿ. ನೀವು ಬೆಳಿಗ್ಗೇನೇ ಬಂದ್ಬಿಡಿ.”

ಅವರು ಹೋದ ಮೇಲೆ ಹಿತ್ತಲಲ್ಲಿ ಮಾವನವರನ್ನು ಹಿಡಿದೆ. “ಮಾವ, ಭಾನುವಾರ ನೀವೂ ಬರ್ತೀರಲ್ಲ?” ಎಂದು ಆದಷ್ಟು ಸಹಜವಾಗಿ ಕೇಳಿದೆ.

“ನಾನ್ಯಾಕೆ ಮೇಷ್ಟ್ರೇ? ಮೀನು ಹಿಡಿಯೋರು ನೀವು ಅಂತ ನಾನೇ ಹೇಳಿದ್ದೀನಿ. ನಾನು ಬಂದು ಕೋಲು ಮುಟ್ಟಿದ್ರೆ ನನ್ನ ಮಾತು ಸುಳ್ಳಾಗಲ್ವಾ?” ಎಂದು ಅಡಿಕೆ ಬಾಯಿಗೆ ಹಾಕಿಕೊಂಡರು. ಅವರ ಮುಖದಲ್ಲಿ ನಗುವಿನ ಎಳೆಯೂ ಕಾಣಲಿಲ್ಲ.

ಇವತ್ತು ಗುರುವಾರ. ಬೆರಳು ಮಾಯ್ದಿದೆ, ದುರದೃಷ್ಟ. ದಿನಾ ಶಾಲೆಯಿಂದ ಬಂದ ಕೂಡಲೇ ಶಾರದ ಚಾಪೆ ಹಾಸಿ, ಸ್ಪೂಲು ಬರಿದು ಮಾಡಿ, ಬಟ್ಟೆ ಪಟ್ಟಿಯನ್ನು ನನ್ನ ಮುಂದಿಡುತ್ತಾಳೆ. ಅವಳು ಕುರ್ಚಿಯ ಮೇಲೆ, ನಾನು ನೆಲದ ಮೇಲೆ. ನಾನು ಸುತ್ತುತ್ತೇನೆ. ಅವಳು ಬೆರಳಿನಿಂದ ದಾರದ ಉಂಡೆಯನ್ನು ತಳ್ಳಿ ನೋಡುತ್ತಾಳೆ. ಬಿಗಿ ಸಾಲದೆ ಅದು ತಿರುಗುತ್ತದೆ. ಆಗ, ಇಪ್ಪತ್ತು ವರ್ಷದಿಂದ ನಾನು ಕೊನೇ ಬೆಂಚಿನ ಹುಡುಗರಿಗೆ ಹೇಳುತ್ತ ಬಂದ ಅದೇ ದನಿಯಲ್ಲಿ ಹೇಳುತ್ತಾಳೆ: “ಬಿಚ್ಚಿ. ಇನ್ನೊಂದ್ಸಲ ಮಾಡಿ.”